ಬುಟ್ಟಿಯಿಂದ ಅಳೆದ ಹಾಡುಗಳು

ಇಯರ್‌ಫೋನ್ ನನ್ನ ಕಿವಿಯಾಗ ನಿಲ್ಲೋದಿಲ್ಲ. ಬಂಗಾರದ ಭಾರಕ್ಕ ಜೋತುಬಿದ್ದ ಕಿವಿ ಇದು. ಬಂಗಾರ ಹೋಗಿ ತೂತು ಉಳದದ, ಆದರ ತೂತಿರೋದು ಒಂದು ಕಡಿ, ಇವರು ಸಿಗಿಸೋದು ಇನ್ನೊಂದು ಕಡಿ. ಮೊಮ್ಮಗಳು ರೇಖಾ ಸಿಗಿಸ್ತಾಳ, ಅದು ಬೀಳ್ತದ. ಬಿದ್ದರ ಬೀಳಲಿ ಅಂತ ಮೊದಲೆಲ್ಲ ನಾನು ಸುಮ್ಮನ ಕೂಡ್ತಿದ್ದೆ.

ಹಾಡು ಬಲ್ಲವರು ರಾಗ ಅಂತಾರ, ತಾಳ ಅಂತಾರ. ನನ್ನ ಹತ್ರ ಇದ್ದ ಅಳತಿ ಒಂದೇ ನೋಡ್ರಿ: ಸಿಮೆಂಟು, ಜಲ್ಲಿ ಕಲಸಿದ ಮಾಲು ತುಂಬಿದ ಕಬ್ಬಿಣದ ಬುಟ್ಟಿ. ಮಳಿ ಕೈಕೊಟ್ಟ ಆ ವರ್ಷಗಳಾಗ ಔರಾದ ಕಡಿಯ ನಮ್ಮೂರು ಬಿಟ್ಟು, ನಾನು, ಮಗಳು ಸುನಂದಾ, ರೇಖಾ ಮೂವರೂ ಬೀದರಕ್ಕ ಬಂದು, ಅಲ್ಲೇ ಮಗ್ಗಲದ ಕೊಳಾರದಾಗ ಗೋದಾಮು ಕಟ್ಟೋ ಕೆಲಸಕ್ಕ ನಿಂತೆವು. ರೇಖಾ ಕಾಲೇಜಿನಾಕಿ, ರಜಾ ಇದ್ದಾಗಷ್ಟೇ ಬರ್ತಿದ್ದಳು. ಸ್ಲ್ಯಾಬ್ ಹಾಕೋ ದಿನ ಹೆಣ್ಣಾಳು ಸಾಲಾಗಿ ನಿಂತು, ಕೆಳಗಿನಿಂದ ಮ್ಯಾಲಿನವರೆಗೂ ಕೈಯಿಂದ ಕೈಗೆ ಬುಟ್ಟಿ ದಾಟಸಬೇಕು. ನಡುವ ನಿಂತರ ಮಾಲು ಗಟ್ಟಿಯಾಗ್ತದ. ಅದಕ್ಕ ಒಬ್ಬಾಕಿ ಹಾಡಬೇಕು, ಉಳಿದವರ ಕೈ ಆ ಹಾಡಿನ ಮ್ಯಾಲ ನಡೀಬೇಕು. ನನ್ನ ರಟ್ಟಿ ಆಗಲೇ ಸೋತಿತ್ತು. ಗಂಟಲಿನ ಪುಣ್ಯದಿಂದ ಗ್ಯಾಂಗಿನಾಗ ಇದ್ದೆ.

ಆಮ್ಯಾಲ ಮೇಸ್ತ್ರಿ ಹಾಡೋ ಡಬ್ಬಿ ತಂದ. ಭಾಲ್ಕಿ ಬಸ್‌ಸ್ಟ್ಯಾಂಡ್ ಹತ್ರದ ಮೊಬೈಲ್ ಅಂಗಡಿಯಾಗ ಚಿಪ್ ತುಂಬಾ ಹಾಡು ಹಾಕಿಸಿಕೊಂಡು ಬಂದು, "ಅವ್ವಾ, ಇನ್ನ ನಿಮಗ ಯಾಕ ತಕಲೀಫು? ಮುಂದಿನ ಸಲ ಊರಾಗೇ ಆರಾಮ ಇರ್ರಿ" ಅಂದ. ಮಗಳು, ಮೊಮ್ಮಗಳು ಬೀದರದಾಗ, ನಾನೊಬ್ಬಾಕಿ ಊರಾಗ ಒಣ ಬಾವಿ ಕಾಯೋದು. ಅಂಥಾ ಆರಾಮ ನನಗ ಬೇಕಿರಲಿಲ್ಲ; ಆಳಿಗಿ ನೀರು ಕೊಡೋ ನೆವ ಮಾಡಿ ಬರ್ತಾನೇ ಇದ್ದೆ.

ನಾಕು ವರ್ಷದಾಗ ಹಾಡಿನ ಫ್ಯಾಷನ್ ಎಷ್ಟು ಬದಲಾಯಿತು ಅಂದ್ರ, ಸೀರಿ ಅಂಗಡಿಯವರೂ ನಾಚಬೇಕು. ಮೊದಲು ಧಡಕ್ ಧಡಕ್ ಅನ್ನೋ ಹಾಡು ಬಂದವು. ಬುಟ್ಟಿ ಓಡಿದವು, ಬಿಸಿಲೇರೋದರಾಗ ಎಲ್ಲರೂ ಏದುಸಿರು ಬಿಡ್ತಿದ್ದರು, ಡಬ್ಬಿ ಒಂದೇ ಹುರುಪಿನಾಗ ಇತ್ತು. ಎರಡು ವರ್ಷಕ್ಕ ಗಿಟಾರು ಹಿಡಕೊಂಡು, ಹಲ್ಲುನೋವು ಬಂದವರಂಗ ಅರ್ಧ ಬಾಯಿ ತೆರೆದು ಹಾಡೋ ಹುಡುಗರು ಬಂದರು. ಸುನಂದಾಗ ಅವು ಭಾಳ ಸೇರ್ತಿದ್ದವು. ಬುಟ್ಟಿ ಎಷ್ಟು ಮೆಲ್ಲಗ ಬಂದವು ಅಂದ್ರ, ಮೇಸ್ತ್ರಿ ಮ್ಯಾಲಿಂದ, "ಯಾರು ಸತ್ತಾರಲೇ ಕೆಳಗ?" ಅಂತ ಚೀರಿದ.

ಕಡೀಕ ರೇಖಾ ಕಾಲೇಜಿನಿಂದ ಉದ್ದನ್ನ ಹಾಡು ತಂದಳು. ಮಾತು ಕಡಿಮಿ, ಒಂದರ ಹೊಟ್ಟಿಯಾಗ ನಾಕು ಹಾಡು. ನಾಕು ನಾಕು ಎಣಿಕಿಗಿ ಹೊಂಟ ತಾಳ ನಡುವ ಏಳಕ್ಕ ಜಿಗೀತದ.

"ಆಯಿ, ಇದು ಹಾಡಿನ ಮುಂದಿನ ಹೆಜ್ಜಿ," ಅಂದಳು.

"ಹಂಗಾರ ಕಾಲು ಎಲ್ಲಿ ಇಡಬೇಕು ಅಂತ ಮೊದಲು ಹೇಳಿ, ಆಮ್ಯಾಲ ಜಿಗಿ ಅನ್ನು ಅದಕ್ಕ," ಅಂದೆ.

ಕೇಳಲಿಲ್ಲ, ಸ್ಲ್ಯಾಬಿನ ದಿನಾನೇ ಡಬ್ಬಿಯಾಗ ಹಚ್ಚಿದಳು. ತಾಳ ಜಿಗೀತು. ಸುನಂದಾ ಬುಟ್ಟಿ ಬಿಟ್ಟಳು, ಮುಂದಿನಾಕಿಯ ಕೈ ಇನ್ನೂ ಬಂದಿರಲಿಲ್ಲ. ಮಾಲೆಲ್ಲ ಮೇಸ್ತ್ರಿಯ ಹೊಸ ಬೂಟಿನ ಮ್ಯಾಲ! ಸಾಲು ನಿಂತಿತು. ಮ್ಯಾಲ ಮಾಲು ಒಣಗಾಕ ಹತ್ತಿತ್ತು. ಯಾರೂ ಕರೀಲಿಲ್ಲ, ನಾನೇ ಶುರು ಮಾಡಿದೆ. ಮೊದಲ ಸೊಲ್ಲಿಗೇ ಕೈ ಎದ್ದವು. ಕಡೀ ಮೂಲಿ ತುಂಬೋವರೆಗೂ ಬಿಡಲಿಲ್ಲ. ಮೇಸ್ತ್ರಿ ಬೂಟು ಒರಸ್ಕೋತ, "ಅವ್ವಾ, ಮುಂದಿನ ಸಲನೂ ನೀವು ಬರಬೇಕ್ರಿ" ಅಂದ.

ನನಗ ಸೊಕ್ಕು ಬಂತು, ಸುಳ್ಳ್ಯಾಕ ಹೇಳಲಿ. ರೇಖಾ ಸಂಜೀಕ ಅದನ್ನ ಇಳಿಸಿದಳು.

"ಆಯಿ, ನೀನೂ ತಾಳ ತಪ್ಪಿಸ್ತಿ. ನಿಚ್ಚಣಿಕಿ ಹತ್ರ ಎಳೀತಿ."

"ಹುಚ್ಚಿ!" ಅಂದೆ. ಆಕಿ ಮತ್ತೊಮ್ಮೆ ಹಾಡಿಸಿ, ತಾಟಿನ ಮ್ಯಾಲ ಬಡದು ಎಣಿಸಿ ತೋರಿಸಿದಳು. ಖರೇನೇ. ನಿಚ್ಚಣಿಕಿ ಹತ್ರ ನಿಂತಾಕಿ ಬುಟ್ಟಿ ತಲಿ ಮ್ಯಾಲ ಎತ್ತಬೇಕಲ್ಲ, ಅಲ್ಲಿ ನಾನು ಪ್ರತಿ ಸಲ ಒಂದು ಗಳಿಗಿ ಹೆಚ್ಚಿಗಿ ಎಳೀತಿದ್ದೆ. ನನ್ನದೂ ಜಿಗಿಯೋ ತಾಳನೇ. ನನಗ ಆಕಿಯ ರಟ್ಟಿ ಕಾಣ್ತಿತ್ತು, ಡಬ್ಬಿಗಿ ಕಾಣ್ತಿದ್ದಿಲ್ಲ, ಅಷ್ಟೇ ಫರಕು. ರೇಖಾನ ಆ ಉದ್ದನ್ನ ಹಾಡು ಕಟ್ಟಿದವರೂ ಯಾರದೋ ರಟ್ಟಿ ನೋಡೇ ಕಟ್ಟಿರಬೇಕು.

ಈಗ ವಯಸ್ಸಾತು, ಸ್ಲ್ಯಾಬಿಗಿ ಹೋಗೋದಿಲ್ಲ. ಬೀದರದ ಖೋಲಿಯಾಗ ರೇಖಾನ ಬಗಲಿಗಿ ಕೂತು, ಇಯರ್‌ಫೋನಿನ ಒಂದು ತುದಿ ಆಕಿಗಿ, ಒಂದು ನನಗ. ಈಗೂ ಬೀಳ್ತದ, ಆದರ ನಾನೇ ಎತ್ತಿ ಸಿಗಿಸ್ಕೊಂಡು, ಕಿವಿ ಮ್ಯಾಲ ಸೆರಗು ಬಿಗಿಯಾಗಿ ಸುತ್ತಿ ಕೂಡ್ತೇನಿ. ತಾಳ ಜಿಗಿಯೋ ಹೊತ್ತಿಗಿ ನನ್ನ ಎರಡೂ ಕೈ ತಾವೇ ಎದ್ದು, ಬುಟ್ಟಿ ದಾಟಿಸಿದಂಗ ರೇಖಾನ ಕಡಿ ಹೋಗ್ತಾವ. ಆಕಿ ನನ್ನ ಕಡಿ ನೋಡದಂಗೇ ಆ ಇಲ್ಲದ ಬುಟ್ಟಿ ಇಸಕೋತಾಳ.

"ಖಾಲಿ ಬುಟ್ಟಿ ತಿರುಗಿ ಕೊಡು, ಹುಚ್ಚಿ," ಅಂತೇನಿ.