ಮಿಶ್ರಿ ಡಬ್ಬಿ, ಔಷಧದ ಬಾಟಲಿ

ನಿಪ್ಪಾಣಿ ಕಡೆ ಹಲ್ಲಿನ ಡಾಕ್ಟರಾದವರಿಗೆ ಮಿಶ್ರಿ ಗೊತ್ತಿರಲೇಬೇಕು. ತಂಬಾಕು ಹುರಿದು ಮಾಡಿದ ಕರಿಪುಡಿ, ಹೆಂಗಸರು ಬೆರಳಿಂದ ಹಲ್ಲಿಗೆ ತಿಕ್ಕುತ್ತಾರೆ. ಬೋರಗಾಂವದಲ್ಲಿ ನಾನು ನಡೆಸಿದ ಹಲ್ಲಿನ ಶಿಬಿರಕ್ಕೆ ಬಂದ ಅಕ್ಕಾತಾಯಿಯ ಒಸಡು ಬಾತಿತ್ತು. ಬಾಯಿ ಮುಕ್ಕಳಿಸುವ ಔಷಧದ ಬಾಟಲಿ ಕೊಟ್ಟು ನನ್ನ ಎಂದಿನ ಪಾಠ ಒಪ್ಪಿಸಿದೆ.

"ಅರ್ಧ ನಿಮಿಷ ಮುಕ್ಕಳಿಸಿ ಉಗುಳ್ರಿ, ನುಂಗಬ್ಯಾಡ್ರಿ. ಆಮ್ಯಾಲ ಅರ್ಧ ತಾಸು ಏನೂ ತಿನ್ನಬ್ಯಾಡ್ರಿ, ಕುಡಿಬ್ಯಾಡ್ರಿ. ನಾ ಹೇಳಿದಷ್ಟ ದಿನ ಮಾತ್ರ."

ಅಕ್ಕಾತಾಯಿ ಅಲ್ಲೇ ಗಲ್ಲ ಉಬ್ಬಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ಮುಕ್ಕಳಿಸಿ ಉಗುಳಿದಳು. ನಾನು ಶಹಬ್ಬಾಸ್ ಅನ್ನುವಷ್ಟರಲ್ಲಿ ಸೊಂಟದಿಂದ ಡಬ್ಬಿ ತೆಗೆದು ಮಿಶ್ರಿಗೆ ಬೆರಳು ಅದ್ದಿದಳು.

"ಯವ್ವಾ, ಏನ್ ಮಾಡಾಕತ್ತೀರಿ?"

"ತಿನ್ನಬ್ಯಾಡ, ಕುಡಿಬ್ಯಾಡ ಅಂದ್ರಿ. ತಿಕ್ಕಬ್ಯಾಡ ಅಂದಿಲ್ಲಲ್ರಿ! ಬಾಯಿ ಸ್ವಚ್ಛ ಇದ್ದಾಗನ ಮಿಶ್ರಿ ಚಲೋ ಹತ್ತತೈತಿ."

ನನಗೆ ಸಿಟ್ಟು ನೆತ್ತಿಗೇರಿತು. "ಒಸಡು ಕೆಡಿಸಿದ್ದ ಆ ಮಿಶ್ರಿ! ಬಾಯಿ ತೊಳದ ಮ್ಯಾಲ ಮತ್ತ ಅದನ್ನ ತಿಕ್ಕಿದ್ರ ಔಷಧ ಏನ್ ಮಾಡೀತು? ಎರಡೂ ಕೂಡಿ ನಡಿಯಂಗಿಲ್ಲ. ಒಂದನ್ನ ಬಿಡ್ರಿ!"

ಅಕ್ಕಾತಾಯಿ ಒಮ್ಮೆ ಡಬ್ಬಿ ನೋಡಿದಳು, ಒಮ್ಮೆ ಬಾಟಲಿ ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ಬಿಗಿ ಮಾಡಿ ಅದನ್ನು ನನ್ನ ಕೈಗಿಟ್ಟಳು. "ತಗೋರಿ. ನಿಮ್ಮ ಮಾತು ಮೀರಂಗಿಲ್ಲ."

ಈಗ ನಾನು ಮೊದಲು ಡಬ್ಬಿ ಇಸಕೊಳ್ಳುತ್ತೇನೆ. ಬಾಟಲಿ, ಪಾಠ ಎಲ್ಲಾ ಆಮೇಲೆ.