ಹರ್ಟಾ, ಇಂಜರ್ಡಾ?

ನಮ್ಮ ಗಣಿಯೂರಿನ ಶಾಲೆಯ ಐಸ್ ಹಾಕಿ ತಂಡಕ್ಕೆ ಆರ್ವಿಡ್ ಲಾಹ್ತಿ ಕೋಚ್ ಆಗಿದ್ದ. ಹಗಲೆಲ್ಲ ಗಣಿಯಲ್ಲಿ ಯಂತ್ರಗಳ ರಿಪೇರಿ, ಸಂಜೆ ಹುಡುಗರ ರಿಪೇರಿ. ಮಂಜುಗಡ್ಡೆಯ ಮೇಲೆ ಯಾವನಾದರೂ ಬಿದ್ದರೆ ಗಾಬರಿಯಿಂದ ಓಡಿಹೋಗುವ ಜಾಯಮಾನ ಅವನದಲ್ಲ. ಬೆಂಚಿನಿಂದಲೇ ಕೂಗುತ್ತಿದ್ದ: “ಹರ್ಟಾ, ಇಂಜರ್ಡಾ?”

ಇಂಗ್ಲಿಷಿನಲ್ಲಿ ಎರಡಕ್ಕೂ ಪೆಟ್ಟಾಗಿದೆ ಎಂದೇ ಅರ್ಥ. ಆರ್ವಿಡ್‌ನ ನಿಘಂಟೇ ಬೇರೆ. ಹರ್ಟ್ ಅಂದರೆ ಬರೀ ನೋವು. ಮೂಗು ಒರೆಸಿಕೊಂಡು ಎದ್ದು ಆಡು. ಇಂಜರ್ಡ್ ಅಂದರೆ ಏನೋ ಮುರಿದಿದೆ. ಆಟ ನಿಲ್ಲಬೇಕು, ಡಾಕ್ಟರು ಬರಬೇಕು. ಈ ಭೇದ ಊರಿಗೆಲ್ಲ ಅಂಟಿತ್ತು. ಒಮ್ಮೆ ಚರ್ಚಿನ ಊಟಕ್ಕೆ ಅಡುಗೆ ಮಾಡುವಾಗ ನಾನು ಕೈ ಸುಟ್ಟುಕೊಂಡೆ. ಪಾದ್ರಿಗಳೂ ಅದನ್ನೇ ಕೇಳಿದರು. ಹರ್ಟ್ ಎಂದೆ. “ಹಾಗಾದ್ರೆ ಆಲೂಗಡ್ಡೆ ಬಡಿಸಮ್ಮ” ಅಂದುಬಿಟ್ಟರು! ಸೌಟಿನಲ್ಲೇ ಒಂದು ಬಿಡೋಣ ಅನ್ನಿಸಿತ್ತು.

ನಾನು ಲೋರ್ನಾ, ಆರ್ವಿಡ್‌ನ ಪಕ್ಕದ ಮನೆಯವಳು. ಅವನ ಹೆಂಡತಿ ತೀರಿಕೊಂಡ ಮೇಲೆ ಮಗಳು ಸಿಗ್ನೆ ಹೆಚ್ಚುಕಡಿಮೆ ನನ್ನ ಅಡುಗೆಮನೆಯಲ್ಲೇ ಬೆಳೆದಳು. ದೊಡ್ಡವಳಾಗಿ ಡುಲೂತ್ ನಗರಕ್ಕೆ ಹೋಗಿ ನರ್ಸಿಂಗ್ ಓದಿದಳು. ಪದವಿ ಕೊಡುವ ದಿನ ಅಪ್ಪನಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿದ್ದಳು. ಅಪ್ಪ ತಂಡವನ್ನು ಕರೆದುಕೊಂಡು ಪಂದ್ಯಕ್ಕೆ ಹೋಗಿದ್ದ. ಕುರ್ಚಿ ಕೊನೆಯವರೆಗೂ ಖಾಲಿ ಇತ್ತು.

ಮರುದಿನ ಅವಳು ಫೋನ್ ಮಾಡಿದಳು. “ಅಪ್ಪಾ, ನಂಗೆ ತುಂಬಾ ಹರ್ಟ್ ಆಯ್ತು.”

ಅವನಿಗೆ ಸಮಾಧಾನವೇ ಆಯಿತಂತೆ. “ಹರ್ಟ್ ತಾನೇ? ಸರಿಹೋಗತ್ತೆ ಬಿಡು ಪುಟ್ಟೀ” ಅಂದು, ಯಾರು ಎಷ್ಟು ಗೋಲು ಹೊಡೆದರು ಎಂದು ವರದಿ ಒಪ್ಪಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅವಳ ಫೋನ್ ಬರಲೇ ಇಲ್ಲ. ಒಂದು ಕ್ರಿಸ್‌ಮಸ್ ಕಳೆಯಿತು, ಇನ್ನೊಂದೂ ಕಳೆಯಿತು.

ಒಂದು ಭಾನುವಾರ ಕಾಫಿಗೆ ಬಂದ ಆರ್ವಿಡ್ ನನ್ನ ಏಲಕ್ಕಿ ಬ್ರೆಡ್ಡನ್ನು ಮುಟ್ಟಲಿಲ್ಲ.

“ಸಿಗ್ನೆಗೆ ಮದುವೆಯಂತೆ. ಅಂಗಡೀಲಿ ಯಾರೋ ಹೇಳಿದ್ರು. ನನ್ನ ಮಗಳ ಮದುವೆ ಲೋರ್ನಾ, ನಂಗೆ ಅಂಗಡೀಲಿ ಗೊತ್ತಾಗ್ಬೇಕಾ?”

“ನೋವಾಗಿದೆ ಅಂತ ಅವಳು ಬಾಯಿಬಿಟ್ಟು ಹೇಳಿರ್ಲಿಲ್ವೇನೋ?”

“ಹರ್ಟ್ ಅಂದ್ಲು. ಇಂಜರ್ಡ್ ಅಂದಿದ್ರೆ ಆವತ್ತೇ ಓಡಿಹೋಗ್ತಿರ್ಲಿಲ್ವಾ ನಾನು?”

ನನಗೆ ಮೈಯೆಲ್ಲ ಉರಿಯಿತು. “ಅಯ್ಯೋ ಪೆದ್ದೇ! ಅವಳೇನು ನಿನ್ನ ಗೋಲ್‌ಕೀಪರಾ? ಮನಸ್ಸು ಮುರಿದೋದವರೂ ಹರ್ಟ್ ಅಂತಾನೇ ಹೇಳೋದು ಮಾರಾಯಾ. ನಿನ್ನ ಬೆಂಚು ಬಿಟ್ರೆ ಪ್ರಪಂಚದಲ್ಲೆಲ್ಲಾ ಹಾಗೇ.”

“ಎಲ್ಲಾ ಕಡೇನಾ?”

“ಎಲ್ಲಾ ಕಡೆ.”

ಅವನು ಕಪ್ಪನ್ನು ತಿರುಗಿಸುತ್ತ ಕೂತ. “ಹಾಗಾದ್ರೆ ಬಿದ್ದು ಹರ್ಟ್ ಅಂದ ನನ್ನ ಹುಡುಗ್ರೂ...” ಎಂದು ಶುರುಮಾಡಿ ಮಾತು ನುಂಗಿಕೊಂಡ. ಸಿಟ್ಟು ಇಳಿದು ನನಗೆ ಪಾಪ ಅನ್ನಿಸಿತು.

ಮುಂದಿನ ಶನಿವಾರ ಆ ವರ್ಷದ ದೊಡ್ಡ ಪಂದ್ಯ. ಆರ್ವಿಡ್ ತಂಡವನ್ನು ಸಹಾಯಕನಿಗೆ ಒಪ್ಪಿಸಿ ನನ್ನ ಬಾಗಿಲಿಗೆ ಬಂದ. “ಡುಲೂತ್‌ಗೆ ಜೊತೆಗೆ ಬಾ ಲೋರ್ನಾ. ಒಬ್ನೇ ಹೋದ್ರೆ ಬಾಗಿಲು ತಟ್ದೇನೇ ವಾಪಸ್ ಬಂದ್ಬಿಡ್ತೀನಿ.” ದಾರಿಯುದ್ದಕ್ಕೂ ಹಿಮ ಸುರಿಯುತ್ತಲೇ ಇತ್ತು.

ಸಿಗ್ನೆ ಬಾಗಿಲು ತೆರೆದಳು, ಪೂರ್ತಿ ತೆರೆಯಲಿಲ್ಲ. “ಇವತ್ತು ಪಂದ್ಯ ಇಲ್ವಾ?”

“ಇದೆ.”

“ನೀನಿಲ್ದೆ ಸೋತ್ರೆ?”

“ಸೋಲ್ತಾರೆ.”

ಅವಳು ನನ್ನತ್ತ ನೋಡಿದಳು. ಆಮೇಲೆ ಅಪ್ಪನತ್ತ ತಿರುಗಿದಳು. “ಮದುವೆಗೆ ಕರಿ ಅಂತ ಕೇಳೋಕೆ ಬಂದ್ಯಾ ಅಪ್ಪಾ?”

“ಅದು ನಿನ್ನಿಷ್ಟ.” ಆರ್ವಿಡ್ ಒಮ್ಮೆ ಕೆಮ್ಮಿದ. “ಎಲ್ಲೆಲ್ಲಿ ನೋವಾಯ್ತು ಅಂತ ಕೇಳೋಕೆ ಬಂದೆ ಪುಟ್ಟೀ. ಹೇಳು.”

“ತುಂಬಾ ಇದೆ ಅಪ್ಪಾ.”

“ಇರ್ಲಿ.”

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಕಾಫಿಗೆ ನೀರಿಡುವ ನೆಪದಲ್ಲಿ ಅಡುಗೆಮನೆ ಸೇರಿದೆ. ಅವಳು ಪದವಿಯ ದಿನದಿಂದ ಶುರುಮಾಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ಶುರುಮಾಡಿದಳು. ಆರ್ವಿಡ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕೂತ.