ಕಾಲುವೆಯಲ್ಲಿ ಜಾಲಿಸಿದ ನೂಲು

ನನ್ನ ಟ್ರಂಕಿನ ತಳದಲ್ಲೊಂದು ಕೆಂಪು ಸೀರೆಯಿದೆ. ಮದುವೆಯ ದಿನ ಉಟ್ಟದ್ದು, ಆಮೇಲೆ ಉಡಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿದಾಗ ಸೊಸೆ ಮುಟ್ಟಿ ನೋಡಿ, "ಅತ್ತೆ, ಇಷ್ಟು ವರ್ಷಕ್ಕೂ ಬಣ್ಣ ಹೋಗ್ಲೇ ಇಲ್ವೆ!" ಎಂದು ಬೆರಗಾಗುತ್ತಾಳೆ. ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸುವುದು, ಮಿತ್ರರೇ, ನಿಮಗೆ ಹುಚ್ಚೆಂದು ಕಾಣಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ಐವತ್ತರ ದಶಕದ ಮಾತು. ತಮಿಳು ಸೀಮೆಯ ಮಡತ್ತುಕುಳಂ ಕಡೆಯ ನಮ್ಮ ನೇಕಾರರ ಬೀದಿಯ ಬೆನ್ನಿಗೇ, ಮೇಲಿನ ಜಲಾಶಯದಿಂದ ಕೆಳಗಿನದಕ್ಕೆ ಕುಡಿಯುವ ನೀರನ್ನು ಒಯ್ಯುವ ಕಾಲುವೆ ಹರಿಯುತ್ತಿತ್ತು. ನಮ್ಮ ಬಾವಿಗಳೋ, ದೇವರೇ ಗತಿ, ಬರೀ ಉಪ್ಪು. ಕಾಲುವೆಯ ನೀರನ್ನು ಯಾರೂ ಮುಟ್ಟುವಂತಿಲ್ಲವೆಂಬುದು ಸರ್ಕಾರದ ಕಟ್ಟಳೆ, ಆದರೆ ಕಾವಲುಗಾರ ಮಾರಪ್ಪಣ್ಣ, ಮನೆಯಲ್ಲಿ ನಮ್ಮಂತೆಯೇ ಕನ್ನಡವಾಡುವವನು, ಕೊಡ ಹಿಡಿದು ನಿಂತ ನನ್ನನ್ನು ಕಂಡರೆ ಮುಖ ಅತ್ತ ತಿರುಗಿಸಿ, "ಎರಡು ಕೊಡ ತಕ್ಕೋ ಕಣ್ಣು. ಕುಡಿಯಕ್ಕೆ ಮಾತ್ರ, ತಿಳೀತಾ?" ಎನ್ನುತ್ತಿದ್ದ; ಮುದ್ದಿಗೆ ತಮಿಳರಂತೆ 'ಕಣ್ಣು' ಎಂದೇ ನನ್ನನ್ನು ಕರೆಯುವವನು.

ನಮ್ಮ ಮನೆಯಲ್ಲೊಂದು ವಾಡಿಕೆ: ಮದುವಣಗಿತ್ತಿಯ ಸೀರೆಯ ನೂಲಿಗೆ ಅಪ್ಪ ಬಣ್ಣ ಹಾಕಿದರೆ, ಕಡೆಯ ನೀರಿನಲ್ಲಿ ಅದನ್ನು ಜಾಲಿಸುವವಳು ಅವಳೇ. ಉಪ್ಪುನೀರಿನಲ್ಲಿ ಅಕ್ಕನ ಕೆಂಪು ಇಟ್ಟಿಗೆಯಂತೆ ಮಂಕಾದದ್ದನ್ನು ಕಂಡಿದ್ದ ನನಗೆ, ನನ್ನ ಮದುವೆ ಗೊತ್ತಾದಾಗ, ನನ್ನದು ಹಾಗಾಗಬಾರದೆಂಬ ಹಟ ಹತ್ತಿತು. ಮಾರಪ್ಪಣ್ಣ ಊಟಕ್ಕೆ ಹೋದ ಹೊತ್ತು ನೋಡಿ, ನೂಲಿನ ಲಡಿಗಳನ್ನೆಲ್ಲ ಕಾಲುವೆಗೇ ಇಳಿಸಿದೆ. ಹರಿಯುವ ನೀರು, ನಾಲ್ಕು ಮಾರು ಹೋದರೆ ತಾನೇ ತಿಳಿಯಾಗುತ್ತದೆಂದುಕೊಂಡ ನನ್ನ ಬುದ್ಧಿಗೆ ಏನೆನ್ನಲಿ! ಆ ಕೆಂಪು ಕೆಳಗಿನ ತೂಬಿನಲ್ಲಿದ್ದವರ ಕಣ್ಣಿಗೆ ಬಿತ್ತು.

ಮರುದಿನ ಅಧಿಕಾರಿಯೊಬ್ಬರು ಬಂದು ಬೀದಿಯವರನ್ನೆಲ್ಲ ದಂಡೆಗೆ ಕರೆಸಿ, ಎಲ್ಲರೆದುರು ಮಾರಪ್ಪಣ್ಣನನ್ನು ತಮಿಳಿನಲ್ಲಿ ಗದರಿದರು. ನನ್ನ ಅಂಗೈಗಳಲ್ಲಿ ಬಣ್ಣ ಇನ್ನೂ ಉಳಿದಿತ್ತು; ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಆತ ನನ್ನ ಸೆರಗನ್ನು ನೋಡಿದ, ಮುಖವನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, "ತೂಂಗಿಟ್ಟೇನ್ ಸಾರ್," ನಿದ್ದೆ ಹೋಗಿಬಿಟ್ಟಿದ್ದೆ, ಎಂದುಬಿಟ್ಟ. ಕಾವಲಿನಲ್ಲಿ ಒಂದು ದಿನವೂ ಕಣ್ಣು ಮುಚ್ಚದ ಮನುಷ್ಯ! ಮದುವೆ ತಪ್ಪೀತೆಂಬ ಅಂಜಿಕೆಯಲ್ಲಿ ನಾನು ಬಾಯಿ ಬಿಡಲಿಲ್ಲ.

ಆತನ ಕೆಲಸ ಹೋಯಿತು. ಗಂಟುಮೂಟೆ ಕಟ್ಟಿಕೊಂಡು ಊರು ಬಿಡುವ ದಿನ ನಮ್ಮ ಬಾಗಿಲಲ್ಲಿ ನಿಂತು, "ಕಲ್ಯಾಣ ಚೆನ್ನಾಗಿ ನಡೆಸ್ರಿ ಅಕ್ಕಾ," ಎಂದು ಅಮ್ಮನಿಗೆ ಹೇಳಿದ. ಒಳಗೆ ಅಪ್ಪ ಮಗ್ಗದಲ್ಲಿ ನನ್ನ ಸೀರೆ ನೇಯುತ್ತಿದ್ದರು. ನಾನು ಕದದ ಹಿಂದಿದ್ದೆ. ಹೊರಗೆ ಬಂದು ಒಂದು ಮಾತಾಡಬಹುದಿತ್ತು, ಆಡಲಿಲ್ಲ. ಆತನನ್ನು ಮತ್ತೆಂದೂ ಕಾಣಲಿಲ್ಲ.

ಕೈಯ ಕೆಂಪು ಎಂಟು ದಿನಕ್ಕೆ ಹೋಯಿತು. ಈ ಸಲ ಸೊಸೆ ಇಲ್ಲದ ಹೊತ್ತು ನೋಡಿ ಸೀರೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಕುಕ್ಕಿ, ಹಿಂಡಿ, ಒಂದಿಷ್ಟಾದರೂ ಬಣ್ಣ ಬಿಡಲಿ ಎಂದು ಮಧ್ಯಾಹ್ನವಿಡೀ ಕಾದೆ. ನೀರು ನಲ್ಲಿಯಿಂದ ಬಂದಷ್ಟೇ ತಿಳಿಯಾಗಿತ್ತು. ಮೊಗೆದು ಕುಡಿಯಬಹುದಿತ್ತು.